ದಾಖಲಾಗದ ಮಳೆ: ಇಲ್ಲದ ಅಂಕಿಯನ್ನು ಗಣಕ ಎಣಿಸುವ ಬಗೆ

ಭಾರತೀಯ ಹವಾಮಾನ ಇಲಾಖೆಯ ಪದ್ಧತಿಯಲ್ಲಿ ಮಳೆಯ ದಿನವು ನಡುರಾತ್ರಿಗೆ ಮುಗಿಯದೆ ಬೆಳಿಗ್ಗೆ 8.30ಕ್ಕೆ ಮುಗಿಯುತ್ತದೆ, ಹಿಂದಿನ ದಿನದ 8.30ರಿಂದ ಆ ಹೊತ್ತಿನವರೆಗೆ ಮಾಪಕದಲ್ಲಿ ಸಂಗ್ರಹವಾದ ನೀರಿನ ಆಳವನ್ನು ಮಿಲಿಮೀಟರಿನಲ್ಲಿ ಅಳೆದು ಆಯಾ ದಿನಾಂಕದ ಮಳೆಯೆಂದು ಬರೆಯಲಾಗುತ್ತದೆ. ಹಾಸನ ಜಿಲ್ಲೆಯಂತಹ ಪ್ರದೇಶಕ್ಕೆ ಈ ಅಂಕಿಯ ಮಹತ್ವ ದೊಡ್ಡದು. ಪಶ್ಚಿಮದಲ್ಲಿ ಸಕಲೇಶಪುರದ ಮಲೆನಾಡು, ಪೂರ್ವದಲ್ಲಿ ಚನ್ನರಾಯಪಟ್ಟಣ ಮತ್ತು ಅರಸೀಕೆರೆಯ ಬಯಲುಸೀಮೆ, ಇವೆರಡರ ನಡುವೆ ಹಾಸನ, ಅರಕಲಗೂಡು, ಹೊಳೆನರಸೀಪುರ ತಾಲ್ಲೂಕುಗಳು ಹೀಗೆ ಹರಡಿಕೊಂಡಿರುವುದರಿಂದ, ಒಂದೇ ಜಿಲ್ಲೆಯೊಳಗೆ ಒಂದೇ ದಿನ ಒಂದು ಕಡೆ ಜಡಿಮಳೆಯೂ ಇನ್ನೊಂದು ಕಡೆ ಬಿರುಬಿಸಿಲೂ ಇರುವುದು ಅಪರೂಪವಲ್ಲ.

ಮಳೆಯ ದಾಖಲೆಯ ಒಂದು ಮನೆಯಲ್ಲಿ ಮೂರು ಬಗೆಯ ನಮೂದು ಇರಬಹುದು. ಒಂದು, 12.5 ಎಂಬಂತಹ ಅಂಕಿ, ಎರಡು, ಸೊನ್ನೆ, ಮೂರು, ಏನೂ ಬರೆಯದ ಖಾಲಿ ಜಾಗ. ಸೊನ್ನೆಯು ಅಳತೆ ನಡೆದಿದೆ, ಮಳೆ ಬಂದಿಲ್ಲ ಎಂಬ ಖಚಿತ ಹೇಳಿಕೆಯಾದರೆ, ಖಾಲಿ ಜಾಗವು ಅಳತೆಯೇ ನಡೆದಿಲ್ಲ ಅಥವಾ ನಡೆದರೂ ಇಲ್ಲಿಗೆ ತಲುಪಿಲ್ಲ ಎಂಬುದರ ಗುರುತು. ಮಳೆ ಹನಿದರೂ 0.1 ಮಿಲಿಮೀಟರಿಗಿಂತ ಕಡಿಮೆಯಾದಾಗ ಅದನ್ನು ‘ಲೇಶ’ ಎಂದು ಬೇರೆಯಾಗಿಯೇ ಗುರುತಿಸುವ ರೂಢಿ ಹವಾಮಾನ ವಿಜ್ಞಾನದಲ್ಲಿದೆ. ಕಾಗದದ ಪುಸ್ತಕವನ್ನು ಓದುವ ಗುಮಾಸ್ತನಿಗೆ ಈ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ. ಆದರೆ ಗಣಕದ ಸ್ಮೃತಿಯಲ್ಲಿ ಅಂಕಿಗಾಗಿ ಮೀಸಲಿಟ್ಟ ಜಾಗವು ಎಂದೂ ಖಾಲಿ ಇರುವುದಿಲ್ಲ. ಅಲ್ಲಿನ ಪ್ರತಿಯೊಂದು ಬಿಟ್ ಸೊನ್ನೆಯೋ ಒಂದೋ ಆಗಿರಲೇಬೇಕು. ಹಾಗಾದರೆ ‘ಅಂಕಿ ಇಲ್ಲ’ ಎಂಬುದನ್ನು ಅಂಕಿಗಳಿಂದಲೇ ಹೇಳುವುದು ಹೇಗೆ ಎಂಬ ಪ್ರಶ್ನೆಯೇ ಈ ಅಧ್ಯಾಯದ ವಿಷಯ.

ಒಂದು ಪಟ್ಟಿ, ನಾಲ್ಕು ಸರಾಸರಿ

ಲೆಕ್ಕಕ್ಕಾಗಿ ಊಹಿಸಿದ ಒಂದು ದಿನದ ಪಟ್ಟಿಯನ್ನು ತೆಗೆದುಕೊಳ್ಳಬಹುದು. ಹಾಸನದಲ್ಲಿ 12.5 ಮಿ.ಮೀ., ಹೊಳೆನರಸೀಪುರದಲ್ಲಿ 7.5 ಮಿ.ಮೀ., ಚನ್ನರಾಯಪಟ್ಟಣದಲ್ಲಿ 4.0 ಮಿ.ಮೀ. ಮಳೆಯಾಗಿದೆ, ಅರಕಲಗೂಡಿನ ಮಾಪಕದಿಂದ ವರದಿ ಬಂದಿಲ್ಲ. ನಾಲ್ಕು ಕೇಂದ್ರಗಳ ಸರಾಸರಿ ಮಳೆ ಎಷ್ಟು ಎಂದು ಒಂದು ಕ್ರಮವಿಧಿಯನ್ನು ಕೇಳಿದರೆ, ಅದನ್ನು ಬರೆದವರು ಖಾಲಿ ಜಾಗವನ್ನು ಹೇಗೆ ಕಂಡಿದ್ದಾರೆ ಎಂಬುದರ ಮೇಲೆ ಉತ್ತರವು ಬದಲಾಗುತ್ತದೆ.

ಖಾಲಿ ಜಾಗವನ್ನು ಸೊನ್ನೆಯೆಂದು ಎಣಿಸಿದರೆ ಮೊತ್ತ 24, ಅದನ್ನು ನಾಲ್ಕರಿಂದ ಭಾಗಿಸಿದಾಗ 6.0 ಮಿ.ಮೀ. ಖಾಲಿ ಜಾಗವನ್ನು ಬಿಟ್ಟು, ವರದಿ ಬಂದ ಮೂರು ಕೇಂದ್ರಗಳನ್ನು ಮಾತ್ರ ಎಣಿಸಿದರೆ ಅದೇ 24ನ್ನು ಮೂರರಿಂದ ಭಾಗಿಸಿ 8.0 ಮಿ.ಮೀ. ಖಾಲಿ ಜಾಗದಲ್ಲಿ −999 ಎಂಬ ಗುರುತಿನ ಅಂಕಿಯನ್ನು ತುಂಬಿಸಿ, ಆಮೇಲೆ ಅದು ಗುರುತು ಎಂಬುದನ್ನು ಮರೆತು ಕೂಡಿದರೆ ಮೊತ್ತ −975, ಸರಾಸರಿ −243.75 ಮಿ.ಮೀ. ಕೊನೆಯದಾಗಿ, ಇಲ್ಲದ ಅಂಕಿ ಸೇರಿದ ಯಾವ ಲೆಕ್ಕಕ್ಕೂ ಉತ್ತರವಿಲ್ಲ ಎಂಬ ನಿಯಮವನ್ನು ಪಾಲಿಸಿದರೆ ಸರಾಸರಿಯೂ ‘ಇಲ್ಲ’ ಎಂದೇ ಬರುತ್ತದೆ.

ಈ ನಾಲ್ಕರಲ್ಲಿ ಅತ್ಯಂತ ಅಪಾಯಕಾರಿಯಾದುದು −243.75 ಅಲ್ಲ, ಏಕೆಂದರೆ ಋಣ ಮಳೆ ಎಂಬುದು ಇರಲಾರದೆಂದು ನೋಡಿದ ಯಾರಿಗಾದರೂ ತಿಳಿಯುತ್ತದೆ. ಅಪಾಯಕಾರಿಯಾದುದು 6.0, ಏಕೆಂದರೆ ಅದು ತಪ್ಪಾಗಿದ್ದೂ ಸರಿಯಾದ ಅಂಕಿಯಂತೆಯೇ ಕಾಣುತ್ತದೆ; ಪಟ್ಟಿಯಿಂದ ವರದಿಗೆ, ವರದಿಯಿಂದ ತೀರ್ಮಾನಕ್ಕೆ ಯಾರೂ ತಡೆಯದಂತೆ ಸಾಗಿಬಿಡುತ್ತದೆ. 8.0 ಕೂಡ ಪೂರ್ತಿ ನಿರಪಾಯವಲ್ಲ, ಏಕೆಂದರೆ ಅದು ನಾಲ್ಕು ಕೇಂದ್ರಗಳ ಸರಾಸರಿಯಾಗಿರದೆ ಮೂರರ ಸರಾಸರಿಯಾಗಿದೆ ಎಂಬ ಸಂಗತಿ ಆ ಅಂಕಿಯಲ್ಲಿ ಎಲ್ಲಿಯೂ ಕಾಣುವುದಿಲ್ಲ.

ಗುರುತಿನ ಅಂಕಿ ಮತ್ತು ಅದರ ಮಿತಿ

ಇಲ್ಲದ ಅಂಕಿಯನ್ನು ಸೂಚಿಸಲು ಗಣಕಶಾಸ್ತ್ರವು ಬಳಸಿದ ಅತಿ ಹಳೆಯ ಉಪಾಯವೆಂದರೆ, ನಿಜವಾಗಿ ಎಂದೂ ಬರಲಾರದ ಒಂದು ಅಂಕಿಯನ್ನು ಆ ಜಾಗಕ್ಕೆ ತುಂಬುವುದು. ಇದನ್ನು ಇಲ್ಲಿ ಗುರುತಿನ ಅಂಕಿ ಎಂದು ಕರೆಯಬಹುದು. ಭಾರತೀಯ ಹವಾಮಾನ ಇಲಾಖೆಯು ಸಂಶೋಧಕರಿಗೆ ಒದಗಿಸುವ ದೈನಂದಿನ ಮಳೆಯ ಚೌಕ ದತ್ತಾಂಶದಲ್ಲಿ ಈ ಪದ್ಧತಿಯೇ ಇದೆ. ದೇಶದ ಭೂಪಟವನ್ನು ಅಕ್ಷಾಂಶ ಮತ್ತು ರೇಖಾಂಶಗಳಲ್ಲಿ ಕಾಲು ಡಿಗ್ರಿ ಅಂತರದ ಬಿಂದುಗಳನ್ನಾಗಿ ವಿಂಗಡಿಸಿ, 1901ರಿಂದ ಮೊದಲಾಗುವ ಪ್ರತಿಯೊಂದು ದಿನಕ್ಕೂ ಪ್ರತಿ ಬಿಂದುವಿನ ಮಳೆಯನ್ನು ಆ ದತ್ತಾಂಶದಲ್ಲಿ ಕೊಡಲಾಗಿದೆ. ಸಮುದ್ರದ ಮೇಲೆ ಅಥವಾ ಗಡಿಯ ಆಚೆ ಬೀಳುವ ಬಿಂದುಗಳಲ್ಲಿ −999 ಎಂಬ ಅಂಕಿ ಇರುತ್ತದೆ. ಇಲಾಖೆಯದೇ ಆದ ಉಷ್ಣತೆಯ ಚೌಕ ದತ್ತಾಂಶದಲ್ಲಿ ಈ ಕೆಲಸವನ್ನು 99.9 ಎಂಬ ಅಂಕಿ ಮಾಡುತ್ತದೆ.

ಗುರುತಿನ ಅಂಕಿಯನ್ನು ಆರಿಸುವಾಗ ಅಳೆಯುವ ವಸ್ತುವಿನ ಸ್ವಭಾವ ತಿಳಿದಿರಬೇಕೆಂಬುದಕ್ಕೆ ಈ ಎರಡು ಅಂಕಿಗಳೇ ಸಾಕ್ಷಿ. ಹಾಸನದ ಗಾಳಿ 99.9 ಡಿಗ್ರಿ ಸೆಲ್ಸಿಯಸ್ ತಲುಪುವುದು ಅಸಾಧ್ಯವಾದ್ದರಿಂದ ಉಷ್ಣತೆಗೆ ಆ ಗುರುತು ಸಲ್ಲುತ್ತದೆ. ಆದರೆ ಒಂದೇ ದಿನ 99.9 ಮಿಲಿಮೀಟರ್ ಮಳೆ ಸುರಿಯುವುದು ಮಲೆನಾಡಿನ ಜುಲೈ ತಿಂಗಳಿಗೆ ವಿಶೇಷವಲ್ಲವಾದ್ದರಿಂದ ಮಳೆಗೆ ಅದೇ ಗುರುತನ್ನು ಬಳಸಿದರೆ ನಿಜವಾದ ಮಳೆಯೂ ‘ಅಂಕಿ ಇಲ್ಲ’ ಎಂಬ ಗುಂಪಿಗೆ ಸೇರಿಬಿಡುತ್ತದೆ.

ಗುರುತಿನ ಅಂಕಿಯ ಮುಖ್ಯ ದೋಷವೆಂದರೆ ಅದು ಗುರುತೆಂಬುದು ಬರೆದವರ ತಲೆಯಲ್ಲೋ ಜೊತೆಗಿರುವ ವಿವರಣೆಯ ಹಾಳೆಯಲ್ಲೋ ಇರುತ್ತದೆಯೇ ಹೊರತು ಗಣಕಕ್ಕೆ ತಿಳಿದಿರುವುದಿಲ್ಲ. ಕೂಡು ಎಂದರೆ ಗಣಕ −999ನ್ನೂ ಕೂಡುತ್ತದೆ. ಇದಕ್ಕಿಂತ ಸೂಕ್ಷ್ಮವಾದ ಇನ್ನೊಂದು ತೊಂದರೆ ಜಾಗದ ಅಳತೆಯಿಂದ ಹುಟ್ಟುತ್ತದೆ. ಸಣ್ಣ ಉಪಕರಣಗಳಲ್ಲಿ ಸ್ಮೃತಿಯನ್ನು ಉಳಿಸಲು ಪೂರ್ಣಾಂಕಗಳನ್ನು ಎಂಟು ಬಿಟ್‌ಗಳಲ್ಲಿ ಇಡುವುದುಂಟು. ಚಿಹ್ನೆಸಹಿತವಾದ ಎಂಟು ಬಿಟ್‌ಗಳಲ್ಲಿ −128ರಿಂದ 127ರವರೆಗಿನ ಅಂಕಿಗಳು ಮಾತ್ರ ಹಿಡಿಯುತ್ತವೆ. ಅಂತಹ ಜಾಗಕ್ಕೆ −999ನ್ನು ಒತ್ತಾಯದಿಂದ ಹಾಕಿದರೆ ಮೇಲಿನ ಬಿಟ್‌ಗಳು ಕತ್ತರಿಸಿಹೋಗಿ ಉಳಿಯುವುದು 25, ಏಕೆಂದರೆ −999ಕ್ಕೆ 256ರ ನಾಲ್ಕು ಪಟ್ಟಾದ 1024ನ್ನು ಕೂಡಿದರೆ ಸಿಗುವುದು ಅಷ್ಟೇ. ‘ವರದಿ ಬಂದಿಲ್ಲ’ ಎಂಬ ಗುರುತು ಹೀಗೆ ‘25 ಮಿಲಿಮೀಟರ್ ಮಳೆ’ ಎಂಬ, ಯಾರೂ ಅನುಮಾನಪಡದ ವರದಿಯಾಗಿ ಮಾರ್ಪಡುತ್ತದೆ.

ಬೇರೆ ಕ್ಷೇತ್ರಗಳಲ್ಲಿಯೂ ಇದೇ ಬಗೆಯ ಪ್ರಮಾದಗಳಿವೆ. ಸ್ಥಳದ ಅಕ್ಷಾಂಶ, ರೇಖಾಂಶಗಳು ಸಿಗದಿದ್ದಾಗ ಎರಡೂ ಸೊನ್ನೆಯೆಂದು ತುಂಬುವ ಕ್ರಮವಿಧಿಗಳಿಂದಾಗಿ, ಜಗತ್ತಿನ ನಾನಾ ಊರುಗಳ ದಾಖಲೆಗಳು ಆಫ್ರಿಕಾದ ಪಶ್ಚಿಮಕ್ಕಿರುವ ಗಿನಿ ಕೊಲ್ಲಿಯ ನಡುನೀರಿನಲ್ಲಿ ಬಂದು ಬೀಳುತ್ತವೆ. ಭೂಪಟ ತಜ್ಞರು ಆ ಬಿಂದುವನ್ನು ಹಾಸ್ಯಕ್ಕಾಗಿ ‘ನಲ್ ಐಲೆಂಡ್’ ಎಂಬ ದ್ವೀಪವೆಂದೇ ಕರೆಯುತ್ತಾರೆ. ದಿನಾಂಕವಿಲ್ಲದ ಕಡತಗಳು 1970ರ ಜನವರಿ 1ರ ಬೆಳಗಿನ 5.30 ಎಂದು ತೋರಿಸುವುದಕ್ಕೂ ಕಾರಣ ಇದೇ: ಯೂನಿಕ್ಸ್ ಪರಂಪರೆಯ ಗಣಕಗಳು ಆ ದಿನದ ಗ್ರೀನಿಚ್ ನಡುರಾತ್ರಿಯನ್ನು ಸೊನ್ನೆಯಾಗಿಟ್ಟುಕೊಂಡು ಕಾಲವನ್ನು ಸೆಕೆಂಡುಗಳಲ್ಲಿ ಎಣಿಸುತ್ತವೆ, ಭಾರತದ ಗಡಿಯಾರ ಗ್ರೀನಿಚ್‌ಗಿಂತ ಐದೂವರೆ ಗಂಟೆ ಮುಂದಿದೆ.

ಅಂಕಿಯಲ್ಲದ ಅಂಕಿ

ಗುರುತಿನ ಅಂಕಿ ಕ್ರಮವಿಧಿಯನ್ನು ಬರೆದವರಿಗೆ ಮಾತ್ರ ತಿಳಿದಿದ್ದರೆ ಸಾಲದು, ಗಣಕದ ಯಂತ್ರಾಂಶಕ್ಕೂ ತಿಳಿದಿರಬೇಕು ಎಂಬ ವಿಚಾರ ಫಲ ಕೊಟ್ಟದ್ದು 1985ರಲ್ಲಿ ಅಂಗೀಕೃತವಾದ ಐಇಇಇ 754 ಎಂಬ ಮಾನದಂಡದಲ್ಲಿ. ದಶಮಾಂಶವಿರುವ ಅಂಕಿಗಳನ್ನು ಗಣಕದಲ್ಲಿ ಇಡುವ ರೀತಿಯನ್ನು ಅದಕ್ಕೂ ಮೊದಲು ಪ್ರತಿಯೊಬ್ಬ ತಯಾರಕನೂ ತನಗೆ ತೋಚಿದಂತೆ ನಿರ್ಧರಿಸುತ್ತಿದ್ದುದರಿಂದ, ಒಂದೇ ಲೆಕ್ಕಕ್ಕೆ ಬೇರೆ ಬೇರೆ ಯಂತ್ರಗಳು ಬೇರೆ ಬೇರೆ ಉತ್ತರ ಕೊಡುತ್ತಿದ್ದವು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿ ಶಾಖೆಯ ಗಣಿತಜ್ಞ ವಿಲಿಯಂ ಕಹಾನ್ ಈ ಮಾನದಂಡದ ಪ್ರಮುಖ ಶಿಲ್ಪಿ. ಈ ಕೆಲಸಕ್ಕಾಗಿ ಅವರಿಗೆ 1989ರ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಈ ಮಾನದಂಡದ 64 ಬಿಟ್ ರೂಪದಲ್ಲಿ ಒಂದು ಬಿಟ್ ಚಿಹ್ನೆಗೆ, 11 ಬಿಟ್‌ಗಳು ಘಾತಕ್ಕೆ, 52 ಬಿಟ್‌ಗಳು ಭಿನ್ನಭಾಗಕ್ಕೆ ಮೀಸಲು. ಘಾತದ 11 ಬಿಟ್‌ಗಳೂ 1 ಆಗಿದ್ದು ಭಿನ್ನಭಾಗ ಸೊನ್ನೆಯಾಗಿದ್ದರೆ ಅದು ಅನಂತ. ಘಾತ ಹಾಗೆಯೇ ಇದ್ದು ಭಿನ್ನಭಾಗದಲ್ಲಿ ಒಂದಾದರೂ ಬಿಟ್ ಸೊನ್ನೆಯಲ್ಲದಿದ್ದರೆ ಅದು ‘ನಾಟ್ ಎ ನಂಬರ್’, ಸಂಕ್ಷೇಪವಾಗಿ ನ್ಯಾನ್, ಅಂದರೆ ಅಂಕಿಯಲ್ಲದ್ದು. ಸೊನ್ನೆಯನ್ನು ಸೊನ್ನೆಯಿಂದ ಭಾಗಿಸಿದಾಗ, ಅನಂತದಿಂದ ಅನಂತವನ್ನು ಕಳೆದಾಗ, ಋಣ ಸಂಖ್ಯೆಯ ವರ್ಗಮೂಲವನ್ನು ವಾಸ್ತವ ಸಂಖ್ಯೆಗಳಲ್ಲಿ ಕೇಳಿದಾಗ ಬರುವ ಉತ್ತರ ಇದೇ.

ನ್ಯಾನ್‌ಗೆ ಎರಡು ಗುಣಗಳಿವೆ. ಮೊದಲನೆಯದು ಹರಡುವ ಗುಣ: ಒಮ್ಮೆ ಲೆಕ್ಕದೊಳಗೆ ಸೇರಿದ ನ್ಯಾನ್ ಮುಂದಿನ ಪ್ರತಿಯೊಂದು ಕೂಡುವಿಕೆಯಲ್ಲಿಯೂ ಗುಣಾಕಾರದಲ್ಲಿಯೂ ನ್ಯಾನ್ ಆಗಿಯೇ ಮುಂದುವರಿಯುವುದರಿಂದ, ಮೇಲಿನ ಪಟ್ಟಿಯ ಅರಕಲಗೂಡಿನ ಸಾಲಿನಲ್ಲಿ ನ್ಯಾನ್ ಇದ್ದರೆ ಮೊತ್ತವೂ ಸರಾಸರಿಯೂ ನ್ಯಾನ್ ಆಗುತ್ತವೆ. ಹೊಸದಾಗಿ ಕಲಿಯುವವರಿಗೆ ಇದು ಕಿರಿಕಿರಿಯೆನಿಸಿದರೂ, ಗೊತ್ತಿಲ್ಲದುದನ್ನು ಗೊತ್ತಿರುವಂತೆ ನಟಿಸದ ಈ ನಡತೆಯೇ ಅದರ ಪ್ರಯೋಜನ. ಎರಡನೆಯದು ಹೋಲಿಕೆಗೆ ಸಿಗದ ಗುಣ: ನ್ಯಾನ್ ಯಾವ ಅಂಕಿಗೂ ಸಮವಲ್ಲ, ಯಾವುದಕ್ಕಿಂತ ದೊಡ್ಡದೂ ಅಲ್ಲ, ಚಿಕ್ಕದೂ ಅಲ್ಲ, ತನಗೆ ತಾನೇ ಸಮವೇ ಎಂದು ಕೇಳಿದರೂ ಉತ್ತರ ‘ಅಲ್ಲ’. ವರದಿ ಬಾರದ ಎರಡು ಊರುಗಳಲ್ಲಿ ಸಮನಾದ ಮಳೆಯಾಗಿದೆಯೆಂದು ಹೇಳಲು ಆಧಾರವಿಲ್ಲದಿರುವಾಗ ಈ ನಿಯಮ ಸರಿಯಾದುದೇ.

ಈ ಎರಡನೆಯ ಗುಣವನ್ನು ಗಮನಿಸದೆ ಬರೆದ ಕ್ರಮವಿಧಿಗಳು ಸದ್ದಿಲ್ಲದೆ ಎಡವುತ್ತವೆ. ಪೈಥಾನ್ ಭಾಷೆಯಲ್ಲಿ 1 ಮತ್ತು ನ್ಯಾನ್ ಎಂಬ ಎರಡು ಅಂಶಗಳ ಪಟ್ಟಿಯನ್ನು ಕೊಟ್ಟು ಗರಿಷ್ಠ ಯಾವುದೆಂದು ಕೇಳಿದರೆ ಉತ್ತರ 1. ಅದೇ ಪಟ್ಟಿಯನ್ನು ತಿರುಗಿಸಿ ನ್ಯಾನ್ ಮೊದಲು, 1 ಆಮೇಲೆ ಎಂದು ಕೊಟ್ಟರೆ ಉತ್ತರ ನ್ಯಾನ್. ಮೊದಲು ಕಂಡದ್ದನ್ನು ಹಿಡಿದುಕೊಂಡು, ಅದಕ್ಕಿಂತ ದೊಡ್ಡದು ಸಿಕ್ಕಾಗ ಮಾತ್ರ ಬದಲಿಸುವ ವಿಧಾನಕ್ಕೆ ನ್ಯಾನ್ ಎದುರಾದಾಗ ಹೋಲಿಕೆಯೆಲ್ಲ ಸುಳ್ಳಾಗುವುದೇ ಇದರ ಕಾರಣ. ಜಿಲ್ಲೆಯ ಅತಿ ಹೆಚ್ಚು ಮಳೆಯ ಕೇಂದ್ರ ಯಾವುದೆಂಬ ಪ್ರಶ್ನೆಯ ಉತ್ತರವು ಹೀಗೆ ಊರುಗಳನ್ನು ಯಾವ ಕ್ರಮದಲ್ಲಿ ಬರೆಯಲಾಗಿದೆ ಎಂಬುದನ್ನು ಅವಲಂಬಿಸಿಬಿಡಬಹುದು.

ಸಂಖ್ಯಾಶಾಸ್ತ್ರಕ್ಕೆಂದೇ ರೂಪುಗೊಂಡ ಆರ್ ಭಾಷೆಯು ಒಂದು ಹೆಜ್ಜೆ ಮುಂದೆ ಹೋಗಿ, ತಪ್ಪು ಲೆಕ್ಕದಿಂದ ಹುಟ್ಟಿದ ನ್ಯಾನ್ ಬೇರೆ, ಅಳತೆಯೇ ಸಿಗದ ‘ಎನ್ಎ’ ಬೇರೆ ಎಂದು ವಿಂಗಡಿಸುತ್ತದೆ. ನ್ಯಾನ್‌ನ ಭಿನ್ನಭಾಗದಲ್ಲಿ ಏನನ್ನಾದರೂ ಬರೆಯಲು ಮಾನದಂಡವು ಜಾಗ ಬಿಟ್ಟಿರುವುದನ್ನು ಬಳಸಿಕೊಂಡು, ಆ ಭಾಷೆಯ ರಚನಕಾರರು ಅಲ್ಲಿ 1954 ಎಂಬ ಅಂಕಿಯನ್ನಿಟ್ಟು ಅದನ್ನೇ ಎನ್ಎ ಗುರುತಾಗಿ ಮಾಡಿಕೊಂಡಿದ್ದಾರೆ.

ಮೂರು ಬೆಲೆಯ ತರ್ಕ

ದತ್ತಸಂಚಯಗಳ ಲೋಕ ಹಿಡಿದದ್ದು ಬೇರೆಯ ದಾರಿ. ಕೋಷ್ಟಕಗಳ ಸಂಬಂಧವನ್ನು ಆಧರಿಸಿ ಮಾಹಿತಿಯನ್ನು ಇಡುವ ಮಾದರಿಯನ್ನು 1970ರಲ್ಲಿ ಮಂಡಿಸಿದ ಎಡ್ಗರ್ ಕಾಡ್, ಇಲ್ಲದ ಬೆಲೆಗಾಗಿ ‘ನಲ್’ ಎಂಬ ಪ್ರತ್ಯೇಕ ಗುರುತನ್ನೂ ಅದಕ್ಕೆ ಹೊಂದುವ ಮೂರು ಬೆಲೆಯ ತರ್ಕವನ್ನೂ ಆ ದಶಕದ ಕೊನೆಯ ವೇಳೆಗೆ ಸೂಚಿಸಿದರು. ಸಾಮಾನ್ಯ ತರ್ಕದಲ್ಲಿ ಒಂದು ಹೇಳಿಕೆ ನಿಜ ಇಲ್ಲವೇ ಸುಳ್ಳು. ಇಲ್ಲಿ ‘ತಿಳಿಯದು’ ಎಂಬ ಮೂರನೆಯ ಬೆಲೆಯೂ ಇದೆ. ಇಂದಿನ ಬಹುಪಾಲು ಸರ್ಕಾರಿ ಮತ್ತು ಬ್ಯಾಂಕ್ ದತ್ತಸಂಚಯಗಳನ್ನು ಪ್ರಶ್ನಿಸುವ ಎಸ್‌ಕ್ಯೂಎಲ್ ಭಾಷೆ ಈ ತರ್ಕವನ್ನೇ ಅನುಸರಿಸುತ್ತದೆ.

ಭಾರತದಲ್ಲಿ 2.5 ಮಿಲಿಮೀಟರ್ ಅಥವಾ ಅದಕ್ಕಿಂತ ಹೆಚ್ಚು ಮಳೆ ಬಿದ್ದ ದಿನವನ್ನು ‘ಮಳೆ ದಿನ’ವೆಂದು ಎಣಿಸುತ್ತಾರೆ. ಜೂನ್ ತಿಂಗಳ 30 ದಿನಗಳಲ್ಲಿ ಒಂದು ಕೇಂದ್ರದ ನಾಲ್ಕು ದಿನಗಳ ವರದಿ ನಲ್ ಆಗಿದೆಯೆಂದು ಭಾವಿಸಿದರೆ, 2.5 ಅಥವಾ ಹೆಚ್ಚು ಮಳೆಯ ದಿನಗಳೆಷ್ಟು ಎಂದು ಒಮ್ಮೆಯೂ, 2.5ಕ್ಕಿಂತ ಕಡಿಮೆ ಮಳೆಯ ದಿನಗಳೆಷ್ಟು ಎಂದು ಇನ್ನೊಮ್ಮೆಯೂ ಕೇಳಿ ಎರಡು ಉತ್ತರಗಳನ್ನು ಕೂಡಿದಾಗ ಬರುವುದು 30 ಅಲ್ಲ, 26. ನಲ್ ಇರುವ ದಿನಗಳಿಗೆ ಎರಡೂ ಪ್ರಶ್ನೆಯಲ್ಲಿ ‘ತಿಳಿಯದು’ ಎಂಬ ಉತ್ತರ ಬಂದು, ಎರಡೂ ಪಟ್ಟಿಯಿಂದ ಅವು ಹೊರಗುಳಿದಿರುತ್ತವೆ. ಮೊದಲ ಪ್ರಶ್ನೆಯನ್ನಷ್ಟೇ ಕೇಳಿ, ಉಳಿದದ್ದೆಲ್ಲ ಒಣ ದಿನವೆಂದು 30ರಿಂದ ಕಳೆಯುವ ಲೆಕ್ಕಿಗನು ನಾಲ್ಕು ದಿನಗಳ ಸುಳ್ಳು ಬರವನ್ನು ತಾನೇ ಸೃಷ್ಟಿಸಿರುತ್ತಾನೆ.

ಸಾಧನಗಳು ತಂತಮ್ಮಲ್ಲಿಯೇ ಒಂದು ಅಭಿಪ್ರಾಯಕ್ಕೆ ಬಂದಿಲ್ಲವೆಂಬುದನ್ನೂ ಇಲ್ಲಿ ಹೇಳಬೇಕು. ಎಸ್‌ಕ್ಯೂಎಲ್‌ನ ಸರಾಸರಿ ಕ್ರಿಯೆ ನಲ್‌ಗಳನ್ನು ಬಿಟ್ಟು ಭಾಗಿಸುತ್ತದೆ. ಮೊತ್ತವನ್ನು ಒಟ್ಟು ಸಾಲುಗಳ ಸಂಖ್ಯೆಯಿಂದ ಭಾಗಿಸಿದರೆ ಬೇರೆಯೇ ಉತ್ತರ ಬರುತ್ತದೆ. ಕಚೇರಿಗಳಲ್ಲಿ ವ್ಯಾಪಕವಾಗಿ ಬಳಕೆಯಲ್ಲಿರುವ ಎಕ್ಸೆಲ್ ಸರಾಸರಿಯಲ್ಲಿ ಖಾಲಿ ಮನೆಯನ್ನು ಬಿಟ್ಟುಬಿಟ್ಟರೂ, ಒಂದು ಖಾಲಿ ಮನೆಯನ್ನು ಸೂತ್ರದ ಮೂಲಕ ಮತ್ತೊಂದು ಹಾಳೆಗೆ ತಂದಾಗ ಅದನ್ನು ಸೊನ್ನೆಯಾಗಿ ತೋರಿಸುತ್ತದೆ. ಪೈಥಾನ್‌ನ ಪಾಂಡಾಸ್ ಎಂಬ ಗ್ರಂಥಾಲಯವು ಇಲ್ಲದ ಅಂಕಿಗಳನ್ನು ತಾನಾಗಿಯೇ ಬಿಟ್ಟು ಕೂಡುವುದರಿಂದ, ತಿಂಗಳಿಡೀ ಒಂದೂ ವರದಿ ಬಾರದ ಕೇಂದ್ರದ ಒಟ್ಟು ಮಳೆ ಸೊನ್ನೆಯೆಂದು ಕಾಣಿಸುತ್ತದೆ. ಕನಿಷ್ಠ ಇಷ್ಟು ಅಂಕಿಗಳಾದರೂ ಇದ್ದರೆ ಮಾತ್ರ ಮೊತ್ತ ಕೊಡು ಎಂದು ಬರೆದವರೇ ಸೂಚಿಸಿದರೆ ಈ ತಪ್ಪು ತಪ್ಪುತ್ತದೆ.

ಅಕ್ಷರದಿಂದ ಅಂಕಿಗೆ

ಇಲ್ಲದ ಅಂಕಿಯಷ್ಟೇ ತೊಡಕಿನದು ಇದ್ದೂ ಅರ್ಥವಾಗದ ಅಂಕಿ. ಕೀಲಿಮಣೆಯಲ್ಲಿ ಒತ್ತಿದ ಅಥವಾ ಕಡತದಿಂದ ಓದಿದ ಪ್ರತಿಯೊಂದು ಅಂಕಿಯೂ ಮೊದಲು ಅಕ್ಷರಗಳ ಸಾಲಾಗಿಯೇ ಗಣಕದೊಳಗೆ ಬರುತ್ತದೆ. ಅದನ್ನು ಅಂಕಿಯಾಗಿ ಪರಿವರ್ತಿಸುವ ಹಂತದಲ್ಲಿ ಭಾಷೆಗಳು ಒಂದೊಂದೂ ಒಂದೊಂದು ನಡತೆ ತೋರುತ್ತವೆ. ಹಳೆಯ ಸಿ ಭಾಷೆಯ ‘ಎಟಾಯ್’ ಎಂಬ ಕ್ರಿಯೆಗೆ ಅಂಕಿಯಲ್ಲದ ಅಕ್ಷರ ಕೊಟ್ಟರೆ ಅದು ಯಾವ ಆಕ್ಷೇಪಣೆಯನ್ನೂ ಎತ್ತದೆ ಸೊನ್ನೆಯನ್ನು ಹಿಂತಿರುಗಿಸುತ್ತದೆ. ಜಾವಾ ಮತ್ತು ಪೈಥಾನ್ ಕೆಲಸವನ್ನು ನಿಲ್ಲಿಸಿ ದೋಷವನ್ನು ಘೋಷಿಸುತ್ತವೆ. ಜಾವಾಸ್ಕ್ರಿಪ್ಟ್ ಸಾಮಾನ್ಯವಾಗಿ ನ್ಯಾನ್ ಕೊಡುತ್ತದೆಯಾದರೂ, ಪೂರ್ತಿ ಖಾಲಿಯಾದ ಅಕ್ಷರಸಾಲನ್ನು ಅಂಕಿ ಮಾಡೆಂದರೆ ಸೊನ್ನೆ ಎನ್ನುತ್ತದೆ.

ಹಾಸನದ ಮಾರುಕಟ್ಟೆಗೆ ಬರುವ ಆಲೂಗೆಡ್ಡೆಯ ವಹಿವಾಟನ್ನು ‘1,25,000’ ಎಂದು ಭಾರತೀಯ ಕ್ರಮದಲ್ಲಿ ಅಲ್ಪವಿರಾಮಗಳನ್ನಿಟ್ಟು ಬರೆದರೆ, ಪೈಥಾನ್ ಅದನ್ನು ದೋಷವೆಂದು ತಿರಸ್ಕರಿಸುತ್ತದೆ. ಸಿ ಭಾಷೆಯ ಎಟಾಯ್ ಮತ್ತು ಜಾವಾಸ್ಕ್ರಿಪ್ಟಿನ ‘ಪಾರ್ಸ್‌ಫ್ಲೋಟ್’ ಮೊದಲ ಅಲ್ಪವಿರಾಮದ ತನಕ ಓದಿ, ಒಂದೂಕಾಲು ಲಕ್ಷವನ್ನು ಒಂದು ಎಂದು ತಿಳಿಯುತ್ತವೆ. ತಿರಸ್ಕರಿಸುವ ಭಾಷೆ ಬಳಕೆದಾರನಿಗೆ ಒರಟಾಗಿ ಕಂಡರೂ, ಈ ಸಂದರ್ಭದಲ್ಲಿ ಲೆಕ್ಕವನ್ನು ಕಾಪಾಡುವುದು ಅದೇ.

ಕನ್ನಡ ಅಂಕಿಗಳ ವಿಷಯ ಇನ್ನೂ ಕುತೂಹಲಕರ. ಯೂನಿಕೋಡ್ ಸಂಕೇತ ವ್ಯವಸ್ಥೆಯಲ್ಲಿ ೦ರಿಂದ ೯ರವರೆಗಿನ ಕನ್ನಡ ಅಂಕಿಗಳಿಗೆ ದಶಮಾಂಶ ಅಂಕಿಗಳೆಂಬ ಮಾನ್ಯತೆ ಇರುವುದರಿಂದ, ‘೧೨೫’ ಎಂಬ ಸಾಲನ್ನು ಪೈಥಾನ್ ಮತ್ತು ಜಾವಾ 125 ಎಂದೇ ಓದುತ್ತವೆ. ಅದನ್ನೇ ಜಾವಾಸ್ಕ್ರಿಪ್ಟ್ ನ್ಯಾನ್ ಎಂದೂ, ಸಿ ಭಾಷೆಯ ಎಟಾಯ್ ಸೊನ್ನೆ ಎಂದೂ ಓದುತ್ತದೆ. ಒಂದೇ ಅರ್ಜಿಯನ್ನು ಜಾಲಪುಟದ ಮುಂಭಾಗದಲ್ಲಿ ಜಾವಾಸ್ಕ್ರಿಪ್ಟೂ ಹಿಂಭಾಗದ ಸರ್ವರಿನಲ್ಲಿ ಜಾವಾವೂ ಪರಿಶೀಲಿಸುವ ವ್ಯವಸ್ಥೆಗಳಲ್ಲಿ, ಹಿಂಬದಿ ಒಪ್ಪಬಹುದಾದ ಕನ್ನಡ ಅಂಕಿಯನ್ನು ಮುಂಬದಿಯೇ ಹೊರಗೆ ತಳ್ಳಬಹುದು. ಕನ್ನಡದಲ್ಲಿ ಅರ್ಜಿ ಸ್ವೀಕರಿಸುವ ತಂತ್ರಾಂಶವು ಎರಡೂ ಲಿಪಿಯ ಅಂಕಿಗಳನ್ನು ಮೊದಲೇ ಒಂದೇ ರೂಪಕ್ಕೆ ತಂದು, ಆನಂತರ ಪರಿಶೀಲಿಸುವುದು ಸರಿಯಾದ ಕ್ರಮ.

ಅಸಂಭವವೂ ಅಪೂರ್ವವೂ

ಅಂಕಿಯಾಗಿ ಸರಿಯಾಗಿ ಓದಿಸಿಕೊಂಡದ್ದೂ ವಾಸ್ತವದಲ್ಲಿ ಅಸಂಭವವಾಗಿರಬಹುದು. ಗೊರೂರಿನ ಹೇಮಾವತಿ ಜಲಾಶಯದ ಪೂರ್ಣ ಮಟ್ಟ ಸಮುದ್ರಮಟ್ಟದಿಂದ 2922 ಅಡಿ. ಬೆರಳು ತಪ್ಪಿ 2922ರ ಬದಲು 2292 ಎಂದು ಒತ್ತಿದರೆ, ಅದು ಅಂಕಿಯೇನೋ ಹೌದು, ಆದರೆ ಜಲಾಶಯದ ತಳಕ್ಕಿಂತ ನೂರಾರು ಅಡಿ ಕೆಳಗಿನ ಮಟ್ಟ. ಇಂತಹವನ್ನು ಹಿಡಿಯಲು ಕನಿಷ್ಠ ಮತ್ತು ಗರಿಷ್ಠ ಎಲ್ಲೆಗಳನ್ನು ಮೊದಲೇ ನಿಗದಿಪಡಿಸಿ, ಹೊರಬಿದ್ದ ಅಂಕಿಯನ್ನು ತಡೆಯುವ ಪರೀಕ್ಷೆಗೆ ವ್ಯಾಪ್ತಿ ಪರೀಕ್ಷೆ ಎಂದು ಹೆಸರು. ಈ ಪರೀಕ್ಷೆಯಿಲ್ಲದೆ ಏನಾಗಬಹುದೆಂಬುದನ್ನು 1997ರ ಸೆಪ್ಟೆಂಬರಿನಲ್ಲಿ ಅಮೆರಿಕದ ಯಾರ್ಕ್‌ಟೌನ್ ಎಂಬ ಯುದ್ಧನೌಕೆ ಕಂಡಿತು: ದತ್ತಸಂಚಯದ ಒಂದು ಮನೆಯಲ್ಲಿ ತುಂಬಿದ ಸೊನ್ನೆಯಿಂದ ಭಾಗಾಕಾರ ನಡೆದು, ಗಣಕಜಾಲ ಕುಸಿದು, ನೌಕೆಯ ಚಾಲನೆಯೇ ನಿಂತುಹೋಯಿತು.

ಆದರೆ ವ್ಯಾಪ್ತಿ ಪರೀಕ್ಷೆಗೂ ಒಂದು ಎಚ್ಚರಿಕೆ ಬೇಕು. 1978ರಲ್ಲಿ ಹಾರಿಬಿಟ್ಟ ನಿಂಬಸ್-7 ಉಪಗ್ರಹದ ಉಪಕರಣವೊಂದು ವಾತಾವರಣದ ಓಝೋನ್ ಪ್ರಮಾಣವನ್ನು ಅಳೆಯುತ್ತಿತ್ತು. 180 ಡಾಬ್ಸನ್ ಮಾನಕ್ಕಿಂತ ಕಡಿಮೆಯಾದ ಓಝೋನ್ ಅದುವರೆಗೆ ಎಲ್ಲಿಯೂ ಕಂಡಿಲ್ಲದ ಕಾರಣ, ಅದಕ್ಕಿಂತ ಕೆಳಗಿನ ಅಳತೆಗಳಿಗೆ ಸಂದೇಹದ ಗುರುತು ಹಾಕುವಂತೆ ತಂತ್ರಾಂಶವನ್ನು ಬರೆಯಲಾಗಿತ್ತು. 1985ರಲ್ಲಿ ಬ್ರಿಟನ್ನಿನ ಜೋಸೆಫ್ ಫಾರ್ಮನ್, ಬ್ರಯನ್ ಗಾರ್ಡಿನರ್ ಮತ್ತು ಜೊನಾಥನ್ ಶಾಂಕ್ಲಿನ್ ಅಂಟಾರ್ಕ್ಟಿಕಾದ ನೆಲದಿಂದ ಮಾಡಿದ ಅಳತೆಗಳ ಮೂಲಕ ಓಝೋನ್ ಕುಸಿತವನ್ನು ಪ್ರಕಟಿಸಿದರು. ಉಪಗ್ರಹದ ದತ್ತಾಂಶದಲ್ಲಿ ಸಂದೇಹದ ಗುರುತು ಬಿದ್ದ ಅಳತೆಗಳು ಅಳಿಸಿಹೋಗದೆ ಹಾಗೆಯೇ ಉಳಿದಿದ್ದುದರಿಂದ, ಭಾರತೀಯ ಮೂಲದ ಪಿ.ಕೆ. ಭಾರ್ತಿಯಾ ಅವರೂ ಸೇರಿದಂತೆ ನಾಸಾದ ವಿಜ್ಞಾನಿಗಳಿಗೆ ಅವುಗಳಿಂದಲೇ ಓಝೋನ್ ರಂಧ್ರದ ಪೂರ್ಣ ವಿಸ್ತಾರವನ್ನು ತೋರಿಸಲು ಸಾಧ್ಯವಾಯಿತು. ಅಸಂಭವವೆಂದು ಕಂಡದ್ದನ್ನು ಗುರುತು ಹಾಕಿ ಬದಿಗಿಡಬೇಕು, ಅಳಿಸಬಾರದು ಎಂಬ ನಿಯಮಕ್ಕೆ ಇದಕ್ಕಿಂತ ಬಲವಾದ ನಿದರ್ಶನ ಸಿಗುವುದು ಕಷ್ಟ.

ಅಂಕಿ ಏಕೆ ಬರಲಿಲ್ಲ

ಇಲ್ಲದ ಅಂಕಿಯನ್ನು ಬಿಡಬೇಕೆ, ತುಂಬಬೇಕೆ ಎಂಬುದನ್ನು ನಿರ್ಧರಿಸುವ ಮುನ್ನ ಅದು ಏಕೆ ಇಲ್ಲವಾಯಿತೆಂದು ಕೇಳಬೇಕೆಂಬುದನ್ನು ಸಂಖ್ಯಾಶಾಸ್ತ್ರಜ್ಞ ಡೊನಾಲ್ಡ್ ರೂಬಿನ್ 1976ರಲ್ಲಿ ಸ್ಪಷ್ಟವಾಗಿ ನಿರೂಪಿಸಿದರು. ಅವರ ವಿಚಾರದಿಂದ ಬೆಳೆದ ವರ್ಗೀಕರಣದಲ್ಲಿ ಮೂರು ಬಗೆಗಳಿವೆ: ಮಳೆಗೆ ಸಂಬಂಧವೇ ಇಲ್ಲದ ಕಾರಣದಿಂದ ವರದಿ ತಪ್ಪುವುದು, ತಿಳಿದಿರುವ ಇನ್ನೊಂದು ಸಂಗತಿಯಿಂದ ತಪ್ಪುವುದು, ಅಳೆಯಬೇಕಾಗಿದ್ದ ಮಳೆಯೇ ಕಾರಣವಾಗಿ ತಪ್ಪುವುದು. ಹಬ್ಬದ ರಜೆಯಲ್ಲಿ ಅಳೆಯುವ ನೌಕರನಿಲ್ಲದಿದ್ದರೆ ಅದು ಮೊದಲ ಬಗೆ. ಗುಡ್ಡದ ಮರೆಯ ಊರುಗಳಿಂದ ದೂರಸಂಪರ್ಕ ಪದೇ ಪದೇ ತಪ್ಪುತ್ತಿದ್ದರೆ ಎರಡನೆಯದು. ಗಾಳಿಮಳೆಗೆ ಕಂಬ ಉರುಳಿಯೋ ಸಂಪರ್ಕ ಕಡಿದೋ ವರದಿ ನಿಂತರೆ ಮೂರನೆಯದು. ಆಗ ಕಳೆದುಹೋಗುವುದು ಯಾವುದೋ ಒಂದು ದಿನದ ಅಂಕಿಯಲ್ಲ, ಹೆಚ್ಚು ಮಳೆಯ ದಿನಗಳ ಅಂಕಿಯೇ. ಅವನ್ನು ಸುಮ್ಮನೆ ಬಿಟ್ಟು ಸರಾಸರಿ ತೆಗೆದರೆ ಊರಿನ ಮಳೆ ಇದ್ದುದಕ್ಕಿಂತ ಕಡಿಮೆಯಾಗಿಯೇ ಕಾಣುತ್ತದೆ.

1988ರಲ್ಲಿ ಬರ ಉಸ್ತುವಾರಿ ಕೋಶವಾಗಿ ಆರಂಭವಾಗಿ ಈಗ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರವೆನಿಸಿರುವ ಸಂಸ್ಥೆಯು ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಟೆಲಿಮೆಟ್ರಿಕ್ ಮಳೆಮಾಪಕಗಳನ್ನು ಸ್ಥಾಪಿಸಿದೆ. ಅಂದರೆ, ಅಳತೆಯನ್ನು ತಾವೇ ದೂರದ ಗಣಕಕ್ಕೆ ಕಳುಹಿಸುವ ಮಾಪಕಗಳು. ಇಂತಹ ಸ್ವಯಂಚಾಲಿತ ಮಾಪಕಗಳಲ್ಲಿ ಸಾಮಾನ್ಯವಾದ ಒಂದು ವಿನ್ಯಾಸದಲ್ಲಿ, ಆಲಿಕೆಯಿಂದ ಇಳಿದ ನೀರು ಪುಟ್ಟ ಬಟ್ಟಲನ್ನು ತುಂಬಿದಾಗ ಅದು ಮಗುಚಿಕೊಂಡು, ಮಗುಚಿದ ಲೆಕ್ಕವೇ ಮಳೆಯ ಲೆಕ್ಕವಾಗುತ್ತದೆ. ಆಲಿಕೆಯ ಬಾಯಿಗೆ ತರಗೆಲೆ ಸಿಕ್ಕಿಕೊಂಡರೆ ಬಟ್ಟಲು ಮಗುಚುವುದಿಲ್ಲ, ಮಾಪಕವಾದರೋ ಸಂಪರ್ಕದಲ್ಲಿದ್ದು ಸೊನ್ನೆಯನ್ನು ಕಳುಹಿಸುತ್ತಲೇ ಇರುತ್ತದೆ. ಇದು ಸೊನ್ನೆಯ ವೇಷದಲ್ಲಿರುವ ಇಲ್ಲದ ಅಂಕಿ. ಸುತ್ತಲಿನ ಪಂಚಾಯಿತಿಗಳಲ್ಲೆಲ್ಲ ಮಳೆ ಸುರಿದು ಒಂದರಲ್ಲಿ ಮಾತ್ರ ವಾರಗಟ್ಟಲೆ ಸೊನ್ನೆ ಬಂದಾಗ ಅದನ್ನು ಪ್ರಶ್ನಿಸುವ ನೆರೆ ಪರೀಕ್ಷೆಯು ಇದನ್ನು ಹಿಡಿಯಬಲ್ಲದು. ಹವಾಮಾನ ಆಧಾರಿತ ಬೆಳೆ ವಿಮೆಯಲ್ಲಿ ಪರಿಹಾರದ ನಿರ್ಧಾರವೇ ಇಂತಹ ಅಂಕಿಗಳ ಮೇಲೆ ನಿಂತಿರುವುದರಿಂದ, ಸುಳ್ಳು ಸೊನ್ನೆಯು ಒಬ್ಬ ರೈತನಿಗೆ ಸಲ್ಲದ ಹಣವನ್ನು ಕೊಡಿಸಬಹುದು. ಅತಿವೃಷ್ಟಿಗೆ ಬೆಳೆ ಕಳೆದುಕೊಂಡ ಮತ್ತೊಬ್ಬನಿಗೆ ಸಲ್ಲಬೇಕಾದ ಹಣವನ್ನು ತಪ್ಪಿಸಬಹುದು.

ಅಂಕಿಯನ್ನು ತುಂಬಲೇಬೇಕಾದಾಗ ಜಲವಿಜ್ಞಾನದಲ್ಲಿ ಬಳಕೆಯಲ್ಲಿರುವ ಒಂದು ಸರಳ ವಿಧಾನ ಸಾಮಾನ್ಯ ಅನುಪಾತ ವಿಧಾನ. ನೆರೆಯ ಕೇಂದ್ರಗಳ ಮಳೆಯನ್ನು ನೇರವಾಗಿ ಸರಾಸರಿ ಮಾಡದೆ, ಎರಡೂ ಊರುಗಳ ವಾಡಿಕೆಯ ವಾರ್ಷಿಕ ಮಳೆಯ ಅನುಪಾತದಿಂದ ಗುಣಿಸಿ, ಆಮೇಲೆ ಸರಾಸರಿ ಮಾಡುವುದು ಇದರ ಸಾರ. ಲೆಕ್ಕದ ಅನುಕೂಲಕ್ಕಾಗಿ ವಾಡಿಕೆ ಮಳೆಯನ್ನು ಅರಕಲಗೂಡು ಮತ್ತು ಹಾಸನಕ್ಕೆ 900, ಹೊಳೆನರಸೀಪುರಕ್ಕೆ 750, ಚನ್ನರಾಯಪಟ್ಟಣಕ್ಕೆ 720 ಮಿ.ಮೀ. ಎಂದು ಊಹಿಸಿಕೊಂಡರೆ, ಮೊದಲ ಪಟ್ಟಿಯ 12.5, 7.5 ಮತ್ತು 4.0 ಎಂಬ ಅಂಕಿಗಳು ಕ್ರಮವಾಗಿ 12.5, 9.0 ಮತ್ತು 5.0 ಆಗಿ, ಅವುಗಳ ಸರಾಸರಿಯಾದ 8.8 ಮಿ.ಮೀ. ಅರಕಲಗೂಡಿನ ಅಂದಾಜು ಮಳೆಯಾಗುತ್ತದೆ. ಇದು ಅಳತೆಯಲ್ಲ, ಅಂದಾಜು. ಹಾಗೆಂದು ತಿಳಿಸುವ ಗುರುತೊಂದು ಪಕ್ಕದ ಮನೆಯಲ್ಲಿ ಇರಲೇಬೇಕು.

ಅಂಕಿ ಬಾರದಿರುವುದೇ ಮುಖ್ಯ ಸುದ್ದಿಯಾಗುವ ಸಂದರ್ಭಗಳೂ ಉಂಟು. ಹಾಸನದಲ್ಲಿ 1982ರಲ್ಲಿ ಸ್ಥಾಪನೆಯಾದ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ, ಜನರ ಮಾತಿನಲ್ಲಿ ಎಂಸಿಎಫ್, ಸುಮಾರು 36,000 ಕಿಲೋಮೀಟರ್ ಎತ್ತರದ ಭೂಸ್ಥಿರ ಉಪಗ್ರಹಗಳನ್ನು ನಿಯಂತ್ರಿಸುತ್ತದೆ. ಉಪಗ್ರಹವು ತನ್ನ ಬ್ಯಾಟರಿಯ ವೋಲ್ಟೇಜು, ಉಷ್ಣತೆ, ಇಂಧನದ ಒತ್ತಡಗಳಂತಹ ಆರೋಗ್ಯದ ಅಂಕಿಗಳನ್ನು ಸತತವಾಗಿ ಕಳುಹಿಸುವುದನ್ನು ದೂರಮಾಪನ ಎನ್ನುತ್ತಾರೆ. 2018ರ ಮಾರ್ಚ್ 29ರಂದು ಉಡಾವಣೆಯಾದ ಜಿಸ್ಯಾಟ್-6ಎ ಉಪಗ್ರಹವು, ಮಾರ್ಚ್ 31ರಂದು ಎರಡನೆಯ ಬಾರಿ ಕಕ್ಷೆಯನ್ನು ಏರಿಸಿದ ನಂತರ ಸಂಪರ್ಕ ಕಳೆದುಕೊಂಡಿತು. ದೂರಮಾಪನದ ತಂತ್ರಾಂಶದಲ್ಲಿ ಅಂಕಿ ಬಾರದಾಗ ಕೊನೆಯ ಅಂಕಿಯನ್ನೇ ಪರದೆಯ ಮೇಲೆ ಉಳಿಸುವುದು ಸುಲಭವಾದರೂ ಹಾಗೆ ಮಾಡಿದರೆ ಮೌನಕ್ಕೆ ಜಾರಿದ ಉಪಗ್ರಹವೂ ಆರೋಗ್ಯವಾಗಿರುವಂತೆ ತೋರುತ್ತದೆ. ಆದ್ದರಿಂದ ಪ್ರತಿ ಅಂಕಿಯ ಜೊತೆ ಅದು ಬಂದ ಹೊತ್ತನ್ನೂ ತೋರಿಸಿ, ಹೊತ್ತು ಮೀರಿದ್ದನ್ನು ಹಳತೆಂದು ಸಾರುವುದು ಅಗತ್ಯ.

ಈ ಎಲ್ಲ ನಿದರ್ಶನಗಳಿಂದ ಕೆಲವು ನಿಯಮಗಳು ತಾವಾಗಿ ಮೂಡುತ್ತವೆ. ಸೊನ್ನೆ, ಖಾಲಿ, ಅಸಂಭವ ಮತ್ತು ಅಂದಾಜು ಎಂಬ ನಾಲ್ಕನ್ನು ದತ್ತಾಂಶದಲ್ಲಿ ಬೇರೆ ಬೇರೆಯಾಗಿಯೇ ಇಡಬೇಕು. ಮೂಲ ಅಂಕಿಯನ್ನು ಎಂದಿಗೂ ಅಳಿಸದೆ, ತಿದ್ದಿದ್ದನ್ನು ಇನ್ನೊಂದು ಅಂಕಣದಲ್ಲಿ ಬರೆಯಬೇಕು. ಅರ್ಥವಾಗದ ಅಕ್ಷರವನ್ನು ಸೊನ್ನೆಯಾಗಿ ನುಂಗುವ ಕ್ರಮವಿಧಿಗಿಂತ, ನಿಂತು ಕೇಳುವ ಕ್ರಮವಿಧಿಯೇ ಮೇಲು. ಖಾಲಿ ಜಾಗವನ್ನು ಏನು ಮಾಡಬೇಕೆಂಬುದು ವಿಜ್ಞಾನದ ಮತ್ತು ಕೆಲವೊಮ್ಮೆ ನ್ಯಾಯದ ಪ್ರಶ್ನೆಯಾಗಿರುವಾಗ, ಅದನ್ನು ಯಾವುದೋ ಗ್ರಂಥಾಲಯದ ಪೂರ್ವನಿಗದಿತ ನಡತೆಗೆ ಒಪ್ಪಿಸಿಬಿಡುವುದು ಹೊಣೆಗೇಡಿತನ. ಇಷ್ಟೆಲ್ಲ ಮಾಡಲಾಗದಿದ್ದರೂ ಒಂದನ್ನಂತೂ ಪ್ರತಿಯೊಂದು ಕಚೇರಿಯೂ ಇಂದಿನಿಂದಲೇ ಮಾಡಬಹುದು: ಸರಾಸರಿಯನ್ನು ಪ್ರಕಟಿಸುವಾಗಲೆಲ್ಲ, ಅದು ಎಷ್ಟು ಕೇಂದ್ರಗಳ ಪೈಕಿ ಎಷ್ಟರ ವರದಿಯಿಂದ ಬಂದದ್ದೆಂಬುದನ್ನು ಅದೇ ಸಾಲಿನಲ್ಲಿ ಮುದ್ರಿಸಬೇಕು.